ಏನೂ ಬ್ಯಾಡನ್ನುವ ಗುಲಾಬಿ

ಹಳೇಹುಬ್ಬಳ್ಳಿಯ ಹಜರತಅಲಿ ಪಿಂಜಾರನ ಮುತ್ತಜ್ಜ ಬಂದಗೀಸಾಬ. ಗಾದಿಗೆ ತುಂಬುವ ಹತ್ತಿಯ ಅರಳಿ ಹಿಂಜುವುದರಲ್ಲಿ ಅವನ ಸರಿಸಮ ಯಾರೂ ಇರಲಿಲ್ಲವೆಂದು ಆ ಮನೆತನದವರ ಹೇಳಿಕೆ. ಒಬ್ಬ ದೇಸಾಯರಿಗೆ ಅವನು ಗಾದಿ ತುಂಬಿಕೊಟ್ಟ. ಮರುದಿನ ಕಚೇರಿಯಲ್ಲಿ ದೇಸಾಯರ ಹೊಲದ ತಕರಾರಿನ ವಿಚಾರಣೆ ಇತ್ತು. ಗಾದಿ ಎಷ್ಟು ಮೆತ್ತಗಿತ್ತೆಂದರೆ ದೇಸಾಯರು ಮಧ್ಯಾಹ್ನದವರೆಗೆ ಕಣ್ಣೇ ತೆರೆಯಲಿಲ್ಲ, ಹೊಲ ಎದುರಾಳಿಯ ಪಾಲಾಯಿತು. ಬೇರೆ ಮನೆತನವಾಗಿದ್ದರೆ ಇಂಥ ಸುದ್ದಿಯನ್ನು ಗಾದಿಯ ಕೆಳಗೇ ಮುಚ್ಚಿಡುತ್ತಿದ್ದರು. ಪಿಂಜಾರರು ಹಬ್ಬ ಹಬ್ಬಕ್ಕೂ ತೆಗೆದು ಹೇಳುತ್ತಿದ್ದರು: “ಹೊಲಾ ಹೋತು ಖರೇ. ನಿದ್ದಿ ಎಂಥಾದ್ದು ಅನ್ನೂದು ನೋಡ್ರಿ!”

ಬಂದಗೀಸಾಬನ ಮಗ ಮಹಬೂಬಸಾಬ. ಅರಳಿ ಹಿಂಜುವ ಅವನ ಬಿಲ್ಲಿನ ನಾದ ಕೇಳಿ ಓಣಿಯ ಮೂಲೆಯ ಹಾಡುವವರು ತಂಬೂರಿ ಶ್ರುತಿ ಮಾಡಿಕೊಳ್ಳುತ್ತಿದ್ದರಂತೆ. ಹಾಡುವವರ ಮನೆಯವರು ಹೇಳುವುದು ಬೇರೆ. ಆ ಟಂಯ್ ಟಂಯ್ ಸಪ್ಪಳ ತಾಳಲಾರದೆ ಅವರು ಮನೆ ಖಾಲಿ ಮಾಡಿ ಧಾರವಾಡಕ್ಕೆ ಹೋದರಂತೆ. ಎರಡೂ ಖರೆ ಇರಬಹುದು. ಶ್ರುತಿ ಕೂಡಿದ ಮೇಲೂ ಮನೆ ಬಿಡಬಾರದೆಂದು ಎಲ್ಲಿದೆ?

ಮಹಬೂಬಸಾಬನ ಮಗ ಇಮಾಮಹುಸೇನ. ಅವನ ಕೀರ್ತಿ ಅರಳಿಗಿಂತ ಹೆಚ್ಚು ಅನ್ನದ್ದು. ಅವನ ಹೊಸ್ತಿಲು ದಾಟಿ ಒಳಗೆ ಬಂದವರು ಉಣ್ಣದೆ ಹೊರಬಿದ್ದದ್ದೇ ಇಲ್ಲ. ಒಮ್ಮೆ ಹಿತ್ತಲಲ್ಲಿ ಕಳ್ಳನೊಬ್ಬ ಸಿಕ್ಕಿಬಿದ್ದ. ಓಣಿಯವರು ಬಡಿಗೆ ಹಿಡಿದು ಬಂದರೆ ಇಮಾಮಹುಸೇನ ರೊಟ್ಟಿ, ಪುಂಡಿಪಲ್ಲೆ ಹಿಡಿದು ಬಂದ. ಕಳ್ಳ “ಬ್ಯಾಡ್ರಿ” ಅಂದ. “ನಾಚಬ್ಯಾಡೋ ತಮ್ಮಾ” ಎಂದು ಇವನು ಮತ್ತೊಂದು ರೊಟ್ಟಿ ಹಾಕಿದ. ಕಳ್ಳ ಬ್ಯಾಡ ಬ್ಯಾಡ ಎಂದಂತೆಲ್ಲ ರೊಟ್ಟಿಯ ಮೇಲೆ ರೊಟ್ಟಿ ಬಿತ್ತು. ಕೊನೆಗೆ ಓಡಿಹೋಗುವ ತಾಕತ್ತು ಸಹ ಉಳಿಯದೆ ಅವನು ಗೋಡೆಗೆ ಒರಗಿ ಮಲಗಿಬಿಟ್ಟ. ಪೊಲೀಸರು ಬಂದು ತೋಳು ಹಿಡಿದು ಎಬ್ಬಿಸಬೇಕಾಯಿತು. “ಬ್ಯಾಡ ಅನ್ನೂದು ಉಣ್ಣಾಂವನ ಧರ್ಮ, ಬಡಸೂದು ನಮ್ಮ ಧರ್ಮ” ಎಂದು ಇಮಾಮಹುಸೇನ ಸಾಯುವವರೆಗೆ ಹೇಳಿದ.

ಈ ಮೂವರ ಗುಣವನ್ನೂ ಒಂದೇ ಚೀಲದಲ್ಲಿ ತುಂಬಿ ಹೊಲಿದಂತೆ ಹುಟ್ಟಿದವನು ನಮ್ಮ ಹಜರತಅಲಿ. ಅವನು ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಮುಂದೆ ಅರಳಿ ಇಲ್ಲದಿದ್ದರೆ ಪಕ್ಕದಲ್ಲಿ ಕೂತವರ ಶಲ್ಯದ ಚುಂಗನ್ನಾದರೂ ಹಿಂಜುತ್ತಿದ್ದ. ಮಸೀದಿಯ ಕಟ್ಟೆಯ ಮೇಲೆ ಅವನ ಪಕ್ಕ ಕೂಡುವವರು ಶಲ್ಯ ಮಡಿಚಿ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಅವನ ಹೆಂಡತಿ ಕರೀಮಾಬಿ ಗಾದಿ ಹೊಲಿಯುವಾಕೆ. ಸೂಜಿ ಚೂಪೋ ನಾಲಿಗೆ ಚೂಪೋ ಎಂದು ಓಣಿಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಒಬ್ಬಳೇ ಮಗಳು, ಸಿತಾರಾ. ಮನೆಯ ಮುಂದಿನ ಅಂಗಳ ಎರಡು ಗಾದಿ ಹಾಸಿದರೆ ಮುಗಿಯಿತು, ಅಷ್ಟೇ.

ಆ ಅಂಗಳಕ್ಕೆ ಗುಲಾಬಿ ಬಂದದ್ದು ರೈಲ್ವೆ ಕ್ವಾರ್ಟರ್ಸಿನಿಂದ. ಮೂವತ್ತರ ದಶಕ ಅರ್ಧ ಕಳೆದಿತ್ತು. ಹಜರತಅಲಿ ಅಲ್ಲಿ ಒಬ್ಬ ಗಾರ್ಡಸಾಹೇಬರ ಮನೆಗೆ ಪ್ರತಿವರ್ಷ ಗಾದಿ ಹಿಂಜಿಕೊಡುತ್ತಿದ್ದ. ಅವರಿಗೆ ಬೇರೆ ಊರಿಗೆ ಬದಲಿಯಾದಾಗ ಮೇಮಸಾಬ ಬಿಸ್ಕೀಟಿನ ದೊಡ್ಡ ಡಬ್ಬಿಯಲ್ಲಿ ನೆಟ್ಟಿದ್ದ ಗಿಡವನ್ನು ತಂದು ಅವನ ಕೈಗಿಟ್ಟಳು. ಮೊಣಕಾಲೆತ್ತರದ ಗಿಡ, ಕಾವಿಗೆ ಕೂತ ಕೋಳಿಯ ಹಾಗೆ ಮೈ ಮುದುಡಿಕೊಂಡು ಗುಂಡಗಿತ್ತು. ಮುಳ್ಳು ಕಡಿಮೆ. ಹೂವು ಮಾತ್ರ ಗೊಂಚಲು ಗೊಂಚಲು. ಜಾತ್ರೆಯ ಬತ್ತಾಸಿಗೆ ಹಾಕುವಂಥ ಎಳೆಯ ಗುಲಾಬಿ ಬಣ್ಣ.

“ಇಸ್ಕೂ ಕುಛ್ ನಹೀಂ ಮಾಂಗತಾ, ಹಜರತಅಲಿ” ಎಂದಳು ಮೇಮಸಾಬ ತನ್ನ ಹರುಕು ಹಿಂದೂಸ್ಥಾನಿಯಲ್ಲಿ. ಇದಕ್ಕೆ ಏನೂ ಬೇಡ. ಮಣ್ಣು ಒಣಗಿದಾಗ ಒಂದು ತಂಬಿಗೆ ನೀರು ಹಾಕು, ಮಿಕ್ಕಂತೆ ತನ್ನಷ್ಟಕ್ಕೆ ಬಿಡು.

ಹಜರತಅಲಿ ತಲೆಯಾಡಿಸಿದ. ಮನೆಗೆ ಬಂದು ಗಿಡವನ್ನು ಡಬ್ಬಿಯಿಂದ ಬಿಡಿಸಿ ಅಂಗಳದ ಎರೆಮಣ್ಣಿನಲ್ಲಿ ನೆಡುತ್ತ ಹೆಂಡತಿಗೆ ಹೇಳಿದ: “ಏನೂ ಬ್ಯಾಡ ಅಂತದ. ಮೇಮಸಾಬರ ಮನ್ಯಾಗ ಬೆಳದದ್ದು, ನಾಚಿಕಿ ಇರ್ತದ.”

“ಗಿಡಕ್ಕ ಎಂಥಾ ನಾಚಿಕಿ ಬಿಡ್ರಿ. ಬ್ಯಾಡ ಅಂದ್ರ ಬ್ಯಾಡ” ಎಂದಳು ಕರೀಮಾಬಿ.

“ನಮ್ಮಪ್ಪನ ಹೊಸ್ತಲಾ ದಾಟಿ ಒಳಗ ಬಂದದ ಅದು. ಕಳ್ಳಗ ಬಡಿಸಿದ ಮನಿ ಇದು!”

ಆ ಕ್ಷಣದಿಂದ ಗಿಡದ ಗ್ರಹಚಾರ ಸುರುವಾಯಿತು ಎನ್ನಬೇಕು. ಆದರೆ ಅದು ಗಟ್ಟಿ ಪಿಂಡ. ಆ ಮಳೆಗಾಲದಲ್ಲಿ ಇನ್ನೂ ಮೇಮಸಾಬಳ ಮನೆಯ ಪುಣ್ಯ ಖರ್ಚು ಮಾಡುತ್ತ ಹೂ ಬಿಡುತ್ತಲೇ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಸಿತಾರಾಳನ್ನು ತನ್ನ ಮಗನಿಗೆ ಕೇಳಿಕೊಂಡು ಧಾರವಾಡದ ಸಪ್ತಾಪುರದಿಂದ ಟಾಂಗಾದ ಕಮರುದ್ದೀನ ಬಂದ. ತನ್ನ ಟಾಂಗಾ, ತನ್ನ ಕುದುರೆ. ಕುದುರೆಯ ಹೆಸರು ಬಾದಶಾ. ಮಗ ಗೌಸಮೊದ್ದೀನ ಶಾಂತ ಹುಡುಗ. ಮಾತೆಲ್ಲ ಅಪ್ಪನೇ ಆಡಿ ಮುಗಿಸುತ್ತಿದ್ದುದರಿಂದ ಅವನ ಪಾಲಿಗೆ ಮೌನ ಉಳಿದಿತ್ತು. ಸುಗ್ಗಿ ಮುಗಿದ ಮೇಲೆ ನಿಕಾಹ ಎಂದು ಮಾತು ಕೂಡಿತು. ಪಿಂಜಾರರ ಮನೆಯಲ್ಲಿ ಒಂದು ಪದ್ಧತಿ: ವರನ ದಿಬ್ಬಣ ಓಣಿಯ ಮೂಲೆಗೆ ಬಂದಾಗ ಹೆಣ್ಣಿನವರು ಎದುರುಗೊಂಡು, ಅವನ ಮುಖದ ಮೇಲೆ ಇಳಿಬೀಳುವ ಹೂವಿನ ಸೆಹರಾ ಅಲ್ಲಿಯೇ ಕಟ್ಟಬೇಕು. ಸೆಹರಾ ಹೆಣ್ಣಿನ ತಂದೆಯದು.

ಚಹಾ ಕುಡಿಯುತ್ತ ಕಮರುದ್ದೀನ ಅಂಗಳದ ಗಿಡ ನೋಡಿದ. “ಛಲೋ ಹೂ ಬಿಟ್ಟದಲ್ರಿ ಬೀಗರ.”

ಹೊಗಳಿಕೆ ಕೇಳಿದರೆ ಹಜರತಅಲಿ ಹಿಂಜಿದ ಅರಳಿಯಂತೆ ಉಬ್ಬುತ್ತಿದ್ದ. “ಬಿಟ್ಟದ ಏನ್ರಿ! ನಿಮ್ಮ ಮಗನ ಸೆಹರಾದಾಗ ಒಂದೊಂದು ಗುಲಾಬಿನೂ ಈ ಗಿಡದ್ದ ಇರ್ತಾವ. ಪ್ಯಾಟ್ಯಾಗಿನ ಗುಲಾಬೀದು ಒಂದ ಪಕಳಿ ಸೈತ ಇರೂದಿಲ್ಲ.”

“ಗಿಡಾ ಅಂದ್ರ ಕುದರಿ ಅಲ್ರಿ, ಚಾಬೂಕು ತೋರಿಸಿದ್ರ ಓಡಾಕ. ಬಿಡದಿದ್ರ?”

“ಬಿಡದಿದ್ರ ಓಣಿ ಮೂಲಿಯಿಂದ ನನ್ನ ಬಾಗಲತನಾ ನಿಮ್ಮ ಟಾಂಗಾ ನಾನ ಎಳೀತೇನಿ. ಬಾದಶಾ ಹಿಂದ ಆರಾಮ ನಡಕೋತ ಬರ್ಲಿ!”

ಓಣಿಯ ಅರ್ಧ ಜನ ಬಾಗಿಲಲ್ಲಿಯೇ ನಿಂತಿದ್ದರು. ಉಳಿದರ್ಧಕ್ಕೆ ಸಂಜೆಯೊಳಗೆ ಸುದ್ದಿ ಮುಟ್ಟಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎಲ್ಲರಿಗೂ ಗೊತ್ತು. ಹಾಸಿಗೆ ಹೊಲಿಯುವವನೇ ಕಾಲು ಚಾಚಿದರೆ ತಡೆಯುವವರು ಯಾರು? ಒಳಗೆ ಸಿತಾರಾ ತಾಯಿಯ ಸೆರಗು ಹಿಡಿದು ಕೇಳಿದಳು: “ಅವ್ವಾ, ಅಪ್ಪ ಖರೇನ ಎಳೀತಾನ?”

“ನಿಮ್ಮಪ್ಪನ ಮನೆತನದಾಗ ಸುಳ್ಳು ಹೇಳಿದಾವರು ಯಾರೂ ಇಲ್ಲವಾ, ತಂಗಿ. ಶಾಣ್ಯಾರೂ ಇಲ್ಲ” ಎಂದಳು ಕರೀಮಾಬಿ.

ಇನ್ನು ಗಿಡದ ಉಪಚಾರ ಕೇಳಬೇಕೆ! ಮುಂಜಾನೆ ಒಂದು ಕೊಡ ನೀರು, ಸಂಜೆಗೆ ಒಂದು ಕೊಡ. ಕುರಿಹಿಕ್ಕೆ ಹಾಕಿದ. ಶೇಂಗಾಹಿಂಡಿ ನೆನೆಹಾಕಿ ಸುರಿದ. ಬೆಲ್ಲದ ನೀರು ಕುಡಿಸಿದ. ಎಲೆಗಳನ್ನು ದಿನಾ ಒದ್ದೆ ಬಟ್ಟೆಯಿಂದ ಒರೆಸಿ, ಟೊಂಗೆಗಳನ್ನು ಅರಳಿಯಂತೆ ಬಿಡಿಸಿ ಬಿಡಿಸಿ ಇಟ್ಟ. ಪಕ್ಕದ ಮನೆಯ ಶೇವಂತೆವ್ವ ಎಮ್ಮೆ ಸಾಕಿಕೊಂಡ ಒಂಟಿ ಹೆಂಗಸು. ಕೈಬೀಸಿಕೊಂಡು ಬರುವುದು ಅವಳಿಗೂ ಗೊತ್ತಿಲ್ಲ. ಅಕ್ಕಿ ತೊಳೆದ ನೀರು, ಹುಳಿಮಜ್ಜಿಗೆ, ಮಿಕ್ಕ ಚಹಾ ಎಲ್ಲ ತಂದು ಬುಡಕ್ಕೆ ಸುರಿದು, “ಕುಡೀವಾ ನನ್ನವ್ವ, ಮದಿವಿ ಮನಿ ಅದ” ಎಂದು ಗಿಡದ ಗಲ್ಲ ಸವರಿ ಹೋಗುತ್ತಿದ್ದಳು.

ಥಂಡಿ ಬಿದ್ದ ಮೇಲೆ ಹಜರತಅಲಿ ಜಗತ್ತಿನಲ್ಲಿ ಯಾವ ತೋಟಿಗನೂ ಮಾಡದ ಕೆಲಸ ಮಾಡಿದ. ನೀರಿನ ಕೊಡಕ್ಕೆ ಸಿಂಬಿ ಇರುತ್ತದಲ್ಲ, ಹಾಗೆ ದುಂಡಗೆ, ನಡುವೆ ತೂತು ಬಿಟ್ಟು ಒಂದು ಗಾದಿ ಹೊಲಿದ. ಕೆಂಪು ಅರಿವೆ, ಒಳಗೆ ಎರಡು ಸಲ ಹಿಂಜಿದ ಅರಳಿ. ಅದನ್ನು ಗಿಡದ ಬುಡಕ್ಕೆ ಸುತ್ತಿ ಹಾಸಿದ.

ಹೂವಿನ ಬುಟ್ಟಿ ಹೊತ್ತು ಆ ದಾರಿಯಲ್ಲಿ ಹೋಗುವ ಹೂಗಾರ ಮೈಲಾರಲಿಂಗಪ್ಪ ಅದನ್ನು ಕಂಡು ಬುಟ್ಟಿ ಇಳಿಸಿಯೇ ಬಿಟ್ಟ. “ಹಜರತಕಾಕಾ, ನೀವು ಗಿಡಾ ಸಾಕಾಕತ್ತೀರೋ, ಮನೀ ಅಳ್ಯಾನ್ನ ಸಾಕಾಕತ್ತೀರೋ? ಒಂದು ಲೋಡೂ ಇಡ್ರಿ, ಒರಗಿ ಕುಂಡರ್ಲಿ.”

“ನಿನ್ನ ಗಿರಾಕಿ ಹೋಗ್ತದ ಅಂತ ಹೊಟ್ಟಿಕಿಚ್ಚೋ ನಿನಗ.”

“ಹೊಟ್ಟಿಕಿಚ್ಚು ಎಲ್ಲಿದು. ಎರಿಮಣ್ಣಿನಾಗ ಇಷ್ಟು ನೀರು ಸುರದು, ಮ್ಯಾಲ ಗಾದಿ ಹಾಸಿದ್ರ ಬೇರು ಉಸರಾಡೂದು ಹ್ಯಾಂಗ್ರಿ? ಬಿಡ್ರಿ ಅದನ್ನ ಅದರ ಪಾಡಿಗೆ.”

“ಮಂದಿ ಹಂಗ ಅಂತಾರ. ಬಿಟ್ರ ಬೈತಾರ.”

ಸಂಕ್ರಾಂತಿ ಹತ್ತಿರ ಬರುವುದರೊಳಗೆ ಗಿಡ ಹಳದಿಯಾಯಿತು. ಮೊಗ್ಗು ಬಂದದ್ದು ಬಾಯಿ ತೆರೆಯದೆ ಕೊಳೆತು ಉದುರಿತು. ಗುಂಡಗಿದ್ದ ಕೋಳಿ ಪುಕ್ಕ ಕಿತ್ತಂತಾಯಿತು. ಹಜರತಅಲಿ ಗಾಬರಿಯಾಗಿ ಬೆಲ್ಲದ ನೀರಿಗೆ ಇನ್ನೂ ಸ್ವಲ್ಪ ಬೆಲ್ಲ ಹಾಕಿದ. ಓಣಿಯ ಹುಡುಗರು ಅವನನ್ನು ಕಂಡರೆ ಕುದುರೆಯಂತೆ ಕೆನೆಯುವುದನ್ನು ಕಲಿತರು. ಅದಕ್ಕಿಂತ ಹೆಚ್ಚು ಅವನಿಗೆ ನಾಟಿದ್ದು ಮಗಳ ಮಾತು. ಸಿತಾರಾ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು: “ಅಪ್ಪಾ, ಎಳಿಯೂದಿದ್ರ ಎಳಿ. ನಂದೇನಿಲ್ಲ. ಆದ್ರ ನಡುವ ಬೀಳಬ್ಯಾಡ. ಅತ್ತಿಮನ್ಯಾಗ ಜನ್ಮೆಲ್ಲಾ ಅದನ್ನ ಆಡ್ಕೋತಾರ.”

ಅಂದು ಹಜರತಅಲಿ ಉಣ್ಣಲಿಲ್ಲ. ತನ್ನ ಬಾಯಿಂದ ಹೋದ ಮಾತು ಮಗಳ ಬೆನ್ನ ಮೇಲೆ ಗಂಟಾಗಿ ಕೂಡುತ್ತದೆಂದು ಅವನು ಎಣಿಸಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬಿಲ್ಲು ಹೆಗಲಿಗೇರಿಸಿಕೊಂಡು ಸಪ್ತಾಪುರಕ್ಕೆ ಹೋದ. ಮದುವೆಗೆ ಮೊದಲು ಬೀಗರ ಮನೆಯ ಹಳೆಯ ಹಾಸಿಗೆಗಳನ್ನು ಹಿಂಜಿಕೊಡುವುದು ಪಿಂಜಾರ ಬೀಗನ ಮರ್ಯಾದೆ. ಕಮರುದ್ದೀನನ ಹೆಂಡತಿ ಅಖ್ತರಬೇಗಂ ಬಾಗಿಲಲ್ಲೇ ಕಾಯುತ್ತಿದ್ದಳು. ಧಾರವಾಡದವರು ಊಟಕ್ಕೆ ನಯವಾಗಿ ಒಮ್ಮೆ ಕೇಳಿ ಸುಮ್ಮನಾಗುತ್ತಾರೆಂದು ಹುಬ್ಬಳ್ಳಿಯವರು ಆಡಿಕೊಳ್ಳುವುದುಂಟು. ಆ ಮಾತು ಆಡುವವರು ಅಖ್ತರಬೇಗಮ್ಮಳ ಪಂಕ್ತಿಗೆ ಕೂತವರಲ್ಲ.

ಖಂಡದ ಸಾರು ಬಂತು, ರೊಟ್ಟಿ ಬಂತು, ಮೇಲೆ ಬೆಲ್ಲ ತುಪ್ಪ ಹಾಕಿ ಹಿಚುಕಿದ ಚಪಾತಿಯ ಮಾಲ್ದಿ ಬಂತು. “ಬ್ಯಾಡ್ರಿ ಬೇಗಂಬಾಯಿ” ಎಂದ ಹಜರತಅಲಿ, ಪದ್ಧತಿಯಂತೆ. ಪದ್ಧತಿಯಂತೆಯೇ ಮತ್ತೆ ಬಿತ್ತು. ಉಂಡ. ಎರಡನೆಯ ಸಲದ ಬ್ಯಾಡ ಅರ್ಧ ಖರೆ ಇತ್ತು, ಅದಕ್ಕೂ ಬಿತ್ತು. ಮೂರನೆಯ ಸಲ ಅವನು ತಾಟಿನ ಮೇಲೆ ಎರಡೂ ಕೈ ಮುಚ್ಚಿದ. ಅಖ್ತರಬೇಗಂ ನಗುತ್ತ ಬೆರಳುಗಳ ಸಂದಿಯಿಂದಲೇ ತುಪ್ಪ ಸುರಿದಳು.

ಮರುದಿನ ಹೊಟ್ಟೆ ನಗಾರಿಯಾಯಿತು. ಹಿಂಜಬೇಕಾದ ಗಾದಿಯ ಮೇಲೆಯೇ ಹಜರತಅಲಿ ಕಾಲು ಚಾಚಿ ಮಲಗಿದ. ಬೀಗರಿಗೆ ಆರಾಮಿಲ್ಲವೆಂದು ಮನೆಯವರೆಲ್ಲ ಕಂಗಾಲಾದರು. ಕಂಗಾಲಾದ ಮನೆಯವರು ಮಾಡುವುದೇನು? ಗಂಜಿ ತಂದರು. ಶಿರಾ ತಂದರು. ಪಕ್ಕದ ಮನೆಯವರು ಬೀಗರನ್ನು ನೋಡಲು ಬಂದವರು ಉಂಡಿ ತಂದರು.

“ತಾಯಿ, ಖರೇನ ಬ್ಯಾಡವಾ” ಎಂದ ಹಜರತಅಲಿ ಕೈಮುಗಿದು.

“ಪರಕೀಯರ ಹಂಗ ಯಾಕ ಮಾಡ್ತೀರಿ ಅಣ್ಣಾರ? ನಾಚಬ್ಯಾಡ್ರಿ” ಎಂದಳು ಅಖ್ತರಬೇಗಂ.

“ನಾಚಿಕಿ ಅಲ್ರಿ...”

“ಹಂಗ ಅನ್ನೂದ ನಾಚಿಕಿ” ಎಂದು ಕಮರುದ್ದೀನ ಬೀಗನ ಬಾಯಿಗೆ ತಾನೇ ಒಂದು ತುತ್ತು ಇಟ್ಟ.

ಸುತ್ತಲೂ ಜನ ನಿಂತಿದ್ದರು, ಎಲ್ಲರ ಕೈಯಲ್ಲೂ ಒಂದೊಂದು ಬಟ್ಟಲು, ಎಲ್ಲರ ಮುಖದಲ್ಲೂ ಪ್ರೀತಿ. ಕೆಳಗೆ ಮೆತ್ತನೆಯ ಗಾದಿ. ಹಳದಿಯಾಗಿ, ಉಬ್ಬಿ, ಉಸಿರಾಡಲಾರದೆ ನಡುವೆ ಮಲಗಿದ ಹಜರತಅಲಿಗೆ ಯಾರದೋ ನೆನಪಾಯಿತು. ಅವನು ತುತ್ತನ್ನು ದವಡೆಯಲ್ಲಿಯೇ ಇಟ್ಟುಕೊಂಡು ಎದ್ದು ಕೂತ. “ಯಾ ಅಲ್ಲಾ! ಆ ಗಿಡಾ ಖರೇನ ಹೇಳಿತ್ತು!”

ಬೀಗನಿಗೆ ಪಿತ್ತ ನೆತ್ತಿಗೇರಿತೆಂದು ತಿಳಿದು ಅಖ್ತರಬೇಗಂ ನಿಂಬೆಹಣ್ಣು ತರಲು ಓಡಿದಳು. ಅವಳು ಬರುವುದರೊಳಗೆ ಹಜರತಅಲಿ ಬಿಲ್ಲು ಅಲ್ಲಿಯೇ ಬಿಟ್ಟು ರೈಲು ಹತ್ತಿದ್ದ.

ಮನೆಗೆ ಬಂದವನು ಕೈಕಾಲು ಸಹ ತೊಳೆಯಲಿಲ್ಲ. ಬುಡದ ಗಾದಿ ಕಿತ್ತೆಸೆದ. ನೀರು ಹೀರಿ ಅದು ಸತ್ತ ಎಮ್ಮೆಯಷ್ಟು ಭಾರವಾಗಿತ್ತು. ಹಿಂಡಿ, ಹಿಕ್ಕೆ, ಎಲ್ಲವನ್ನೂ ಕೆರೆದು ತೆಗೆದು, ಕೊಳೆತ ಟೊಂಗೆ ಕತ್ತರಿಸಿ, ಮಣ್ಣು ಗಾಳಿಗೆ ಬಿಟ್ಟ. ಆಮೇಲೆ ತನ್ನ ಜನ್ಮದಲ್ಲಿಯೇ ಕಠಿಣವಾದ ಕೆಲಸಕ್ಕೆ ಕೂತ. ಅದೆಂದರೆ ಏನೂ ಮಾಡದೆ ಇರುವುದು.

ಕಟ್ಟೆಯ ಮೇಲೆ ಕೂತರೆ ಕೈ ತಾನಾಗಿ ಗಿಡದ ಕಡೆಗೆ ಹೋಗುತ್ತಿತ್ತು. ಕರೀಮಾಬಿ ಕಸ ತುಂಬಿದ ಒಂದು ಬುಟ್ಟಿ ಅರಳಿ ತಂದು ಅವನ ತೊಡೆಯ ಮೇಲೆ ಸುರಿದಳು. “ಇದರಾಗಿನ ಕಾಳು ಆರಿಸ್ರಿ. ಗಿಡಾ ಉಳೀಲಿ.”

“ನೀ ಮದಲ ಹೇಳಿದ್ದಿ, ಕರೀಮಾ.”

“ಏನು ಹೇಳಿದ್ದೆ?”

“ಬ್ಯಾಡ ಅಂದ್ರ ಬ್ಯಾಡ ಅಂತ.”

“ಮದಿವ್ಯಾದಾಗಿಂದ ಹೇಳಾಕತ್ತೇನಿ. ಗಿಡಾ ಒಣಗಿದ ಮ್ಯಾಲ ಕಿವಿ ಚಿಗತಾವ ನಿಮಗ” ಎಂದು ಅವಳು ಒಳಗೆ ಹೋಗಿ ನಕ್ಕಳು.

ಹೊರಗಿನ ಕಾಟ ಬೇರೆ. ಶೇವಂತೆವ್ವ ಅಕ್ಕಿ ತೊಳೆದ ನೀರು ಹಿಡಿದು ಬಂದಳು. ಹಜರತಅಲಿ ಲುಂಗಿ ಅಗಲಿಸಿ ಗಿಡಕ್ಕೆ ಅಡ್ಡ ನಿಂತ. “ಶೇವಂತಕ್ಕಾ, ಅದಕ್ಕೇನೂ ಬ್ಯಾಡ.”

“ಹಂಗ ಅಂತೀಯೋ ತಮ್ಮಾ. ತಂದೇನಿ, ಹಾಕೇ ಹೋಕ್ಕೇನಿ.”

“ಖರೇನ ಬ್ಯಾಡಕ್ಕಾ.”

“ನಿಮ್ಮ ಮನ್ಯಾಗ ಹುಟ್ಟಿ ನೀ ಹಿಂಗಂದ್ರ, ನಿಮ್ಮಪ್ಪನ ಆತ್ಮಕ್ಕ ಏನನಸಬೇಕೋ?” ಎಂದು ಶೇವಂತೆವ್ವ ಕಣ್ಣೀರು ತಂದಳು. ಕೊನೆಗೆ ಅವಳ ಸಮಾಧಾನಕ್ಕೆ ಆ ನೀರನ್ನು ಅವಳ ಎಮ್ಮೆಗೇ ಕುಡಿಸಿ, ಎಮ್ಮೆಯ ಗಲ್ಲ ಸವರಿ ಬಂದ. ಗಿಡ ಕಾಯುವುದು ಸುಲಭ. ಜನರ ಪ್ರೀತಿ ಬುಡಕ್ಕೆ ಬೀಳದಂತೆ ಗಿಡವನ್ನು ಕಾಯುವುದು ಸುಲಭವಲ್ಲ.

ಬಿಸಿಲು ಬಲಿಯಿತು. ಮಣ್ಣು ಒಣಗಿ ಬಿರುಕು ಬಿಟ್ಟಾಗ ಮಾತ್ರ ಒಂದು ತಂಬಿಗೆ ನೀರು. ಒಂದು ಮುಂಜಾನೆ ಕತ್ತರಿಸಿದ ಟೊಂಗೆಯ ಪಕ್ಕದಲ್ಲಿ ಗಿಣಿಯ ಚುಂಚಿನಂಥ ಕೆಂಪು ಚಿಗುರು ಹಣಿಕಿತು. ಹಜರತಅಲಿ ಅದನ್ನು ಮುಟ್ಟಬಾರದೆಂದು ಎರಡೂ ಕೈ ಬಗಲಲ್ಲಿ ಅವುಚಿಕೊಂಡು ನೋಡಿದ. ಆಮೇಲೆ ಎಲೆ ಬಂತು, ಗಿಡ ಮತ್ತೆ ಗುಂಡಗಾಗತೊಡಗಿತು, ಮೊಗ್ಗೂ ಬಂತು. ನಿಕಾಹದ ದಿನ ಬಂದೇ ಬಂತು.

ಮೈಲಾರಲಿಂಗಪ್ಪ ಸೆಹರಾ ಕಟ್ಟಲು ಅಂಗಳದಲ್ಲಿ ಕೂತ. ಮಲ್ಲಿಗೆಯ ಎಳೆಗಳು ಅವನವು, ಗುಲಾಬಿ ಗಿಡದ್ದು. ಹಣೆಯ ಮೇಲಿನ ಪಟ್ಟಿ ತುಂಬಿತು. ಎಳೆಗಳ ಅರ್ಧದವರೆಗೂ ಗುಲಾಬಿ ಬಂದವು. ಅಲ್ಲಿಗೆ ಗಿಡ ಖಾಲಿ. ಉಳಿದದ್ದು ಬರೀ ಸಾಸಿವೆಯಂಥ ಮೊಗ್ಗು.

ಮೈಲಾರಲಿಂಗಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಕಾಕಾ, ನನ್ನ ಬುಟ್ಯಾಗ ಇಂಥಾ ಬಣ್ಣದ್ದ ಅದಾವು. ಕೆಳಗ ಪೋಣಸ್ತೇನಿ. ನಿಮ್ಮ ಬೀಗರಿಗೆ ಕುದರಿ ಹಲ್ಲು ಗೊತ್ತು, ಹೂವಿನ ಗುರ್ತು ಎಲ್ಲಿಂದ ಹತ್ತಬೇಕು? ಯಾರಿಗೂ ತಿಳಿಯೂದಿಲ್ಲ.”

ಹಜರತಅಲಿ ಗಿಡ ನೋಡಿದ, ಬೋಳಾದ ಎಳೆ ನೋಡಿದ, ಒಳಗೆ ಮೆಹಂದಿಯ ಕೈ ಮೇಲೆತ್ತಿಕೊಂಡು ಕೂತ ಮಗಳನ್ನು ನೋಡಿದ. ಹೊಸ ಚಿಗುರಿಗೆ ಇನ್ನಷ್ಟು ಕೊಡು ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. “ಪೋಣಸು” ಎಂದ. “ಹುಡುಗನ ಸೆಹರಾ ಬೋಳು ಇರಬಾರದು. ಮುಂದಿಂದು ನಾ ನೋಡ್ಕೋತೇನಿ.”

ಟಾಂಗಾ ಓಣಿಯ ಮೂಲೆಗೆ ಬಂದು ನಿಂತಿತು. ಹಜರತಅಲಿ ಅಳಿಯನಿಗೆ ಸೆಹರಾ ಕಟ್ಟಿದ. ಎಲ್ಲರೂ ವಾಹ್ ವಾಹ್ ಎಂದರು. ಕಮರುದ್ದೀನ ಎರಡೂ ಕೈ ಮೇಲೆತ್ತಿದ. “ಗೆದ್ರಿ ಬೀಗರ! ಮಾತು ಅಂದ್ರ ಪಿಂಜಾರಂದು!”

“ಗೆದ್ದಿಲ್ರಿ” ಎಂದ ಹಜರತಅಲಿ, ಓಣಿಗೆಲ್ಲ ಕೇಳುವಂತೆ. “ಮ್ಯಾಲಿನ ಅರ್ಧಾ ಹೂ ನನ್ನ ಗಿಡದ್ದು. ಕೆಳಗಿನ ಅರ್ಧಾ ಪ್ಯಾಟೀದು. ತಪ್ಪು ಗಿಡದ್ದಲ್ಲ, ನಂದು. ಅರ್ಧಾ ಮಾತು ಉಳೀತು, ಅರ್ಧಾ ದಾರಿ ಎಳೀತೇನಿ. ಓಣಿ ನಡುವಿನ ಬೇವಿನ ಗಿಡದತನಾ ಬಾದಶಾ, ಅಲ್ಲಿಂದ ನಾನು.”

ಬೀಗರು ಬೇಡವೆಂದು ಗೋಗರೆದರು, ಮೈಲಾರಲಿಂಗಪ್ಪ ನಾಲಿಗೆ ಕಚ್ಚಿಕೊಂಡ. ಬೇವಿನ ಗಿಡದ ಬಳಿ ಹಜರತಅಲಿ ಕುದುರೆ ಬಿಚ್ಚಿಸಿ, ಟಾಂಗಾದ ಎರಡು ಉದ್ದನೆಯ ದಂಡಗಳ ನಡುವೆ ತಾನು ನಿಂತ. ರುಮಾಲು ಬಿಗಿದು ಎಳೆದ. ಗಾಲಿ ಕಿರ್ರೆಂದು ಹೊರಳಿತು. ಬಾದಶಾ ಹಿಂದಿನಿಂದ ಹೊಸ ಆಳಿನ ಕೆಲಸ ಪರೀಕ್ಷಿಸುವ ಹಳೆಯ ಆಳಿನಂತೆ ತಲೆ ಓರೆ ಮಾಡಿ ನಡೆದು ಬಂತು. ಬಾಗಿಲಿಗೆ ಸ್ವಲ್ಪ ಮುಂಚೆ ಏರು ಇತ್ತು. ಅಲ್ಲಿ ಗಾಲಿ ನಿಂತಿತು. ಹಜರತಅಲಿಯ ಕೊರಳ ನರ ಬಿಲ್ಲಿನ ತಂತಿಯಾಯಿತು. ಕಿಟಕಿಯಲ್ಲಿ ಸಿತಾರಾ ಮೆಹಂದಿಯ ಕೈಯನ್ನು ಬಾಯಿಗೆ ಒಯ್ದದ್ದು ಅವನಿಗೆ ಕಂಡಿತು.

ಓಣಿಯೆಲ್ಲ ಒಮ್ಮೆಗೇ ಓಡಿ ಬಂತು. ಮೈಲಾರಲಿಂಗಪ್ಪ ಗಾಲಿಗೆ ಕೈ ಹಾಕಲು ಬಂದ, ಕಮರುದ್ದೀನ ಹಿಂದಿನಿಂದ ನೂಕಲು ಬಂದ, ಶೇವಂತೆವ್ವ ಬೆಲ್ಲದ ನೀರು ಹಿಡಿದು ಬಂದಳು. ಮೇಲಿನಿಂದ ಗೌಸಮೊದ್ದೀನ, ಅವನ ಮೊದಲ ಮಾತೇ ಅದು, ಸೆಹರಾ ಸರಿಸಿ ಹೇಳಿದ: “ಮಾವಾರ, ನಾ ಇಳೀತೇನ್ರಿ. ನಾಚಬ್ಯಾಡ್ರಿ.”

ಹಜರತಅಲಿ ಕಾಲೂರಿ, ಹಿಂದೆ ತಿರುಗದೆ ಕೂಗಿದ:

“ಅಳ್ಯಾರ, ನೀವು ಕುಂತಲ್ಲೇ ಕುಂಡ್ರಿ! ಯಾರೂ ಕೈ ಹಚ್ಚಬ್ಯಾಡ್ರಿ. ಶೇವಂತಕ್ಕಾ, ಆ ನೀರು ಎಮ್ಮಿಗೆ ಒಯ್ಯಿ. ನಾ ಪದ್ಧತಿಗೆ ಬ್ಯಾಡ ಅನ್ನಾಕತ್ತಿಲ್ರಿ, ನಾಚಿಕಿಗೂ ಅಲ್ಲ. ನಮ್ಮಪ್ಪನ ಆಣಿ ಮಾಡಿ ಹೇಳ್ತೇನಿ, ಖರೇನ ಬ್ಯಾಡ!”